ಮಂಡಿ ನೋವು ಯಾಕೆ ಬರುತ್ತೆ?

ನಾವು ನೀರು ಹೊರುತ್ತೇವೆ. ಕುಕ್ಕರಗಾಲಲ್ಲಿ ಕೂತು ಪಾತ್ರೆ ಉಜ್ಜುತ್ತೇವೆ. ಹೊಲದಲ್ಲಿ ಕಳೆ ಕೀಳುತ್ತೇವೆ. ವಯಸ್ಸು ಐವತ್ತರ ಹತ್ತಿರ ಬಂದಾಗ ನಮ್ಮಲ್ಲಿ ಅನೇಕರಿಗೆ ಮಂಡಿ ನೋವು ಶುರುವಾಗುತ್ತೆ. "ವಯಸ್ಸಾಯ್ತು, ಕೀಲು ಸವೀತು, ಇನ್ನೇನು ಮಾಡೋದು?" ಅಂತ ಸುಮ್ಮನಾಗುತ್ತೇವೆ. ಈ ಮಾತು ಅರ್ಧ ನಿಜ. ಉಳಿದ ಅರ್ಧ ಏನು? ತಿಳಿಯೋಣ ಬನ್ನಿ.

ಮಂಡಿಯ ಒಳಗೆ ಏನಿದೆ?

ಮಂಡಿಯಲ್ಲಿ ತೊಡೆಯ ಮೂಳೆಯೂ ಕಾಲಿನ ಮೂಳೆಯೂ ಸೇರುತ್ತವೆ. ಮೂಳೆಗಳ ತುದಿಯಲ್ಲಿ ನುಣುಪಾದ ಮೆದುಮೂಳೆ ಇದೆ. ಕೀಲಿನ ಒಳಗೆ ಒಂದು ತೆಳು ಪೊರೆ ಇದೆ. ಈ ಪೊರೆ ಲೋಳೆಯಂಥ ರಸ ಕೊಡುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ, ಮಂಡಿಗೆ ಈ ರಸ ಹಾಗೆ.

ಕಾವಲು ಕಣಗಳು

ನಮ್ಮ ಮೈಯಲ್ಲಿ ಕಾವಲು ಕಣಗಳಿವೆ. ರೋಗಾಣು ಬಂದರೆ ಹೋರಾಡುತ್ತವೆ. ಗಾಯವಾದರೆ ಕಸ ತೆಗೆಯುತ್ತವೆ. ಇದೇ ರೋಗ ನಿರೋಧಕ ಶಕ್ತಿ. ಬೆರಳಿಗೆ ಮುಳ್ಳು ಚುಚ್ಚಿದರೆ ಏನಾಗುತ್ತೆ? ಕೆಂಪಾಗುತ್ತೆ, ಊದುತ್ತೆ, ನೋಯುತ್ತೆ. ಅದು ಕಾವಲು ಕಣಗಳ ಕೆಲಸ. ಇದಕ್ಕೆ ಉರಿಯೂತ ಅನ್ನುತ್ತಾರೆ. ಮುಳ್ಳು ತೆಗೆದರೆ ವಾಸಿಯಾಗುತ್ತೆ.

ಮಂಡಿಯಲ್ಲೂ ಹೀಗೇ. ಮೆದುಮೂಳೆ ಸವೆದಾಗ ಸಣ್ಣ ಚೂರುಗಳು ರಸಕ್ಕೆ ಬೀಳುತ್ತವೆ. ಪೊರೆಯಲ್ಲಿರುವ ಕಾವಲು ಕಣಗಳು ಎಚ್ಚರವಾಗುತ್ತವೆ. ಚೂರು ತೆಗೆಯಲು ಹೋಗಿ ಉರಿಯೂತದ ರಾಸಾಯನಿಕ ಬಿಡುತ್ತವೆ. ಅದರಿಂದ ಮೆದುಮೂಳೆ ಇನ್ನಷ್ಟು ಸವೆಯುತ್ತದೆ. ಮತ್ತೆ ಚೂರು, ಮತ್ತೆ ಉರಿಯೂತ. ಗಾಣದ ಎತ್ತಿನ ಹಾಗೆ ಇದು ಸುತ್ತುತ್ತಲೇ ಇರುತ್ತದೆ. ಮುಳ್ಳಿನ ಹಾಗೆ ಕಿತ್ತು ಹಾಕೋಕೆ ಆಗಲ್ಲ.

೨೦೧೯ರಲ್ಲಿ ಪ್ರಪಂಚದಲ್ಲಿ ಸುಮಾರು ೫೨ ಕೋಟಿ ೮೦ ಲಕ್ಷ ಜನರಿಗೆ ಕೀಲು ಸವೆತದ ಈ ರೋಗ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಲೆಕ್ಕ ಇದು. ಅವರಲ್ಲಿ ನೂರಕ್ಕೆ ೬೦ ಜನ ಹೆಂಗಸರು. ಮುಟ್ಟು ನಿಂತ ಮೇಲೆ ಈ ರೋಗ ಹೆಚ್ಚು.

ಪುಡಿ, ಗುಳಿಗೆ ಬಗ್ಗೆ ಎಚ್ಚರ!

ಕೆಲವರು ಹೆಸರಿಲ್ಲದ ಪುಡಿ, ಗುಳಿಗೆ ಮಾರುತ್ತಾರೆ. ಎರಡೇ ದಿನದಲ್ಲಿ ನೋವು ಮಾಯ! ಹೇಗೆ? ಇಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಅದು ಕಾವಲು ಕಣಗಳನ್ನೇ ಮಲಗಿಸುತ್ತದೆ. ಮಂಡಿಯಲ್ಲಿ ಮಾತ್ರ ಅಲ್ಲ, ಇಡೀ ಮೈಯಲ್ಲಿ. ಕಾವಲು ಮಲಗಿದರೆ ಕಳ್ಳನಿಗೆ ಸುಲಭ. ತಿಂಗಳುಗಟ್ಟಲೆ ತಿಂದರೆ ರೋಗಗಳು ಬೇಗ ಅಂಟುತ್ತವೆ. ಸಕ್ಕರೆ ಕಾಯಿಲೆ ಬರಬಹುದು. ಮೂಳೆ ಟೊಳ್ಳಾಗುತ್ತದೆ. ಈಗಾಗಲೇ ಬಹಳ ದಿನದಿಂದ ತಿನ್ನುತ್ತಿದ್ದರೆ ಒಮ್ಮೆಲೇ ಬಿಡಬೇಡಿ. ಅದೂ ಅಪಾಯ. ಪುಡಿ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ನಾವು ಏನು ಮಾಡಬಹುದು?

ನೋವು ಅಂತ ಪೂರಾ ಕೂತುಬಿಡಬಾರದು. ತೊಡೆಯ ಮಾಂಸಖಂಡ ಗಟ್ಟಿಯಾದರೆ ಮಂಡಿಗೆ ಆಸರೆ. ಕುರ್ಚಿ ಅಥವಾ ಜಗಲಿ ಮೇಲೆ ಕೂತು ಒಂದು ಕಾಲನ್ನು ನೇರ ಚಾಚಿ. ಐದು ಎಣಿಸಿ, ಇಳಿಸಿ. ಒಂದೊಂದು ಕಾಲಿಗೂ ಹತ್ತು ಸಲ ಮಾಡಿ. ದಿನಾ ಮಾಡಿ. ಆದಷ್ಟು ನಡೆಯಿರಿ.

ಮೈಯ ಕೊಬ್ಬು ಕೂಡ ಉರಿಯೂತದ ರಾಸಾಯನಿಕ ಬಿಡುತ್ತದೆ. ತೂಕ ಜಾಸ್ತಿ ಇದ್ದರೆ ಇಳಿಸೋಣ. ಒಂದು ಕಿಲೋ ಇಳಿದರೂ, ನಡೆಯುವಾಗ ಪ್ರತಿ ಹೆಜ್ಜೆಗೆ ಮಂಡಿಯ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಪಾತ್ರೆ ಉಜ್ಜಲು ಎತ್ತರದ ಕಟ್ಟೆ ಇದ್ದರೆ ಒಳ್ಳೆಯದು. ಕೊಡ ಹೊರುವ ಕೆಲಸ ಮನೆಯ ಗಂಡಸರೂ ಮಾಡಲಿ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅವತ್ತೇ ಹೋಗಿ. ಬೆಳಿಗ್ಗೆ ಎರಡೂ ಕೈಯ ಬೆರಳು ಊದಿ, ಒಂದು ಗಂಟೆ ಹೊತ್ತು ಬಿಗಿದಿದ್ದರೂ ತಡಮಾಡಬೇಡಿ. ಅದು ಬೇರೆ ಥರದ ಸಂಧಿವಾತ ಇರಬಹುದು. ಅದರಲ್ಲಿ ಕಾವಲು ಕಣಗಳು ತಪ್ಪು ತಿಳಿದು ಕೀಲುಗಳ ಮೇಲೇ ದಾಳಿ ಮಾಡುತ್ತವೆ. ಅದಕ್ಕೆ ಬೇರೆ ಔಷಧಿ ಇದೆ. ಬೇಗ ಶುರು ಮಾಡಿದರೆ ಕೀಲು ಉಳಿಯುತ್ತದೆ.

ಮಾತಾಡೋಣ: ನಮ್ಮ ಊರಲ್ಲಿ ಹೆಸರಿಲ್ಲದ ಪುಡಿ ಯಾರು ಯಾರು ತಿನ್ನುತ್ತಿದ್ದಾರೆ? ಅವರಿಗೆ ಈ ಪಾಠ ಓದಿ ಹೇಳೋಣವೇ?