ಕುಶಲ ಉದ್ಯೋಗಿ ವೀಸಾ: ವಿಳಂಬ ಆರಂಭವಾಗುವುದು ಊರಿನ ಕಾಗದಪತ್ರದಲ್ಲೇ

ದೇವರ ಹಿಪ್ಪರಗಿ: ರಾವುತರಾಯ ಮಲ್ಲಯ್ಯನ ಕ್ಷೇತ್ರವೆಂದು ಹೆಸರಾದ ಈ ಊರು ಬಹುಕಾಲ ಸಿಂದಗಿ ತಾಲ್ಲೂಕಿಗೆ ಸೇರಿತ್ತು. ಈಗ ತಾನೇ ಒಂದು ತಾಲ್ಲೂಕು ಕೇಂದ್ರ. ಜಿಲ್ಲೆಯ ಹೆಸರೂ 2014ರ ನವೆಂಬರ್ 1ರಂದು ಬಿಜಾಪುರದಿಂದ ವಿಜಯಪುರವಾಯಿತು. ಇಲ್ಲಿನವರಿಗೆ ಇದರಲ್ಲಿ ಗೊಂದಲವಿಲ್ಲ. ಆದರೆ ಜನನ ಪ್ರಮಾಣಪತ್ರದಲ್ಲಿ ಬಿಜಾಪುರ, ಆಧಾರ್‌ನಲ್ಲಿ ವಿಜಯಪುರ ಎಂದಿರುವುದನ್ನು ಕಂಡ ವಿದೇಶಿ ಅಧಿಕಾರಿಗೆ ಅವು ಎರಡು ಬೇರೆ ಊರುಗಳೆಂದೇ ತೋರಬಹುದು. ಛತ್ತೀಸಗಢದಲ್ಲಿ ಇನ್ನೊಂದು ಬಿಜಾಪುರವೂ ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ವಿಜಯಪುರವೂ ಇರುವುದು ನಿಜವೇ!

ಇದಕ್ಕಿಂತ ಹೆಚ್ಚು ಕಾಡುವುದು ಹೆಸರಿನ ತೊಡಕು. ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬರೆಯುವ ರೂಢಿಯಿದೆ. ಪಾಸ್‌ಪೋರ್ಟ್‌ನಲ್ಲಾದರೋ ಎರಡೇ ಅಂಕಣ. ಅಂಕಪಟ್ಟಿಯಲ್ಲಿ ಒಂದು ಕ್ರಮ, ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು ಕ್ರಮ ಇದ್ದರೆ ಪ್ರಶ್ನೆಗಳು ಏಳುತ್ತವೆ. ವೀಸಾ ಅರ್ಜಿಯಲ್ಲಿ ಹೆಸರೂ ಜನ್ಮಸ್ಥಳವೂ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು. ತಿದ್ದುಪಡಿ ಬೇಕಿದ್ದರೆ ಉದ್ಯೋಗದ ಪತ್ರ ಕೈಸೇರುವ ಮೊದಲೇ ಮಾಡಿಸಿಕೊಳ್ಳುವುದು ಜಾಣತನ. ಆಮೇಲೆ ಕಾಲಾವಕಾಶ ಸಾಲದು.

ಏಕೆ ಸಾಲದೆಂಬುದಕ್ಕೆ ಬ್ರಿಟನ್ನಿನ ಉದಾಹರಣೆ ನೋಡಬಹುದು. ಅಲ್ಲಿನ 'ಸ್ಕಿಲ್ಡ್ ವರ್ಕರ್' ವೀಸಾ 2020ರ ಡಿಸೆಂಬರ್ 1ರಂದು ಜಾರಿಗೆ ಬಂತು. ಸರ್ಕಾರದ ಪರವಾನಗಿ ಪಡೆದ ಉದ್ಯೋಗದಾತನು ನೀಡುವ ಪ್ರಾಯೋಜಕತ್ವ ಪ್ರಮಾಣಪತ್ರವೇ ಇದರ ತಳಹದಿ. ಅದು ದೊರೆತ 3 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಅಷ್ಟರಲ್ಲಿ ಮಾನ್ಯತೆ ಪಡೆದ ಚಿಕಿತ್ಸಾಲಯದಲ್ಲಿ ಕ್ಷಯರೋಗ ತಪಾಸಣೆ, ಇಂಗ್ಲಿಷ್ ಪರೀಕ್ಷೆ ಅಥವಾ ಪದವಿಯ ಬೋಧನಾ ಮಾಧ್ಯಮದ ದೃಢೀಕರಣ ಎಲ್ಲವೂ ಮುಗಿಯಬೇಕು. 2025ರ ಜುಲೈ 22ರಿಂದ ಸಾಮಾನ್ಯ ವೇತನಮಿತಿ ವರ್ಷಕ್ಕೆ 41,700 ಪೌಂಡ್‌ಗೆ ಏರಿತು. ಹೊರದೇಶಗಳಿಂದ ಆರೈಕೆ ಸಿಬ್ಬಂದಿಯ ನೇಮಕಕ್ಕೂ ಅಂದೇ ತೆರೆ ಬಿತ್ತು. ಹಳೆಯ ನಿಯಮವನ್ನು ನಂಬಿ ಹೊರಟವರ ಶ್ರಮ ವ್ಯರ್ಥವಾಗುವುದು ಹೀಗೆ.

ಬ್ರಿಟನ್ನಿನ ಹೊರಗಿನಿಂದ ಸಲ್ಲಿಸಿದ ಅರ್ಜಿಗೆ ಸಾಮಾನ್ಯವಾಗಿ 3 ವಾರಗಳಲ್ಲಿ ನಿರ್ಧಾರ ಬರುತ್ತದೆ. ಈ ಲೆಕ್ಕ ಆರಂಭವಾಗುವುದು ಆನ್‌ಲೈನ್ ಶುಲ್ಕ ಪಾವತಿಸಿದ ದಿನದಿಂದಲ್ಲ, ಗುರುತು ಮತ್ತು ದಾಖಲೆ ಒಪ್ಪಿಸಿದ ಬಳಿಕ. ದಾಖಲೆಗಳ ಪರಿಶೀಲನೆ ಅಗತ್ಯವೆನಿಸಿದರೆ ಅವಧಿ ಹಿಗ್ಗುತ್ತದೆ. ಹೆಚ್ಚುವರಿ ಹಣ ತೆತ್ತು ಪಡೆಯುವ ತ್ವರಿತ ಸೇವೆ ಸರತಿಯನ್ನು ಮೊಟಕುಗೊಳಿಸೀತೇ ಹೊರತು ವೀಸಾ ಖಚಿತಪಡಿಸದು.

ಅಮೆರಿಕದ ಎಚ್-1ಬಿ ವೀಸಾದಲ್ಲಿ ಕಾಯುವಿಕೆಯ ಸ್ವರೂಪವೇ ಬೇರೆ. ವರ್ಷಕ್ಕೆ 65,000 ಮತ್ತು ಅಲ್ಲಿನ ಉನ್ನತ ಪದವೀಧರರಿಗೆ 20,000 ಎಂಬ ಮಿತಿಯಿರುವುದರಿಂದ ಮೊದಲು ಆಯ್ಕೆಯಾಗಬೇಕು, ಬಳಿಕ ಕಾನ್ಸುಲೇಟ್ ಸಂದರ್ಶನ. 2025ರ ಸೆಪ್ಟೆಂಬರ್‌ನ ಅಧ್ಯಕ್ಷೀಯ ಘೋಷಣೆ ದೇಶದ ಹೊರಗಿರುವವರ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ವಿಧಿಸಿತು. ಅದೇ ತಿಂಗಳು ಸಂದರ್ಶನ ವಿನಾಯಿತಿಯೂ ಬಹುತೇಕ ರದ್ದಾಯಿತು. ಡಿಸೆಂಬರ್ 15ರಿಂದ ಸಾಮಾಜಿಕ ಜಾಲತಾಣ ಪರಿಶೀಲನೆ ಎಚ್-1ಬಿಗೂ ವಿಸ್ತರಿಸಿತು. ಪರಿಣಾಮವಾಗಿ ಭಾರತದಲ್ಲಿ ನಿಗದಿಯಾಗಿದ್ದ ಅನೇಕ ಸಂದರ್ಶನಗಳು 2026ರ ಮಾರ್ಚ್‌ಗೂ ಅದರಾಚೆಗೂ ಮುಂದೂಡಲ್ಪಟ್ಟವು. ಮುದ್ರೆ ಹಾಕಿಸಿಕೊಂಡು ಮರಳಲೆಂದು ರಜೆಯಲ್ಲಿ ಬಂದವರು ತಾಯ್ನಾಡಿನಲ್ಲೇ ಸಿಲುಕಿಕೊಂಡರು. ಅತ್ತ ಬಾಡಿಗೆ ಮನೆ, ಮಕ್ಕಳ ಶಾಲೆ, ಸಾಲದ ಕಂತು ಯಾವುದೂ ನಿಲ್ಲಲಿಲ್ಲ.

ಆದ್ದರಿಂದ ಪಾಸ್‌ಪೋರ್ಟ್ ಕೈಗೆ ಮರಳುವವರೆಗೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ನೀಡುವುದಾಗಲಿ, ರದ್ದುಪಡಿಸಲಾಗದ ವಿಮಾನ ಟಿಕೆಟ್ ಕೊಳ್ಳುವುದಾಗಲಿ, ಹೊಲ ಒತ್ತೆಯಿಡುವುದಾಗಲಿ ಸಲ್ಲದು. ವಿಳಂಬವಾದರೆ ಉದ್ಯೋಗದಾತನಿಗೆ ಲಿಖಿತವಾಗಿ ತಿಳಿಸಿ, ಕೆಲಸಕ್ಕೆ ಸೇರುವ ದಿನಾಂಕವನ್ನು ಮುಂದೂಡಿಸಿಕೊಳ್ಳಬೇಕು. ಒಂದು ಅರ್ಜಿ ಬಾಕಿಯಿರುವಾಗಲೇ ಆತಂಕದಿಂದ ಮತ್ತೊಂದನ್ನು ಸಲ್ಲಿಸುವುದರಿಂದ ತೊಡಕು ಹೆಚ್ಚುತ್ತದೆಯೇ ವಿನಾ ಕಡಿಮೆಯಾಗದು.

ಇಂತಹ ಆತಂಕವೇ ಮಧ್ಯವರ್ತಿಗಳ ಬಂಡವಾಳ. ಪ್ರಾಯೋಜಕತ್ವ ಪ್ರಮಾಣಪತ್ರ ಮಾರುವ ಸರಕಲ್ಲ. 2024ರ ಡಿಸೆಂಬರ್ 31ರಿಂದ ಅದರ ಶುಲ್ಕವನ್ನು ಕುಶಲ ಉದ್ಯೋಗಿಯಿಂದ ವಸೂಲು ಮಾಡುವುದನ್ನು ಬ್ರಿಟನ್ ನಿಷೇಧಿಸಿದೆ. ಭಾರತದಲ್ಲಿ 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟರು ಮಾತ್ರ ವಿದೇಶಿ ಉದ್ಯೋಗಕ್ಕೆ ನೇಮಿಸಿಕೊಡಬಹುದು. ಅವರ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನೋಂದಾಯಿತ ಏಜೆಂಟರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿಯೂ ಪರವಾನಗಿ ಪಡೆದ ಬ್ರಿಟಿಷ್ ಪ್ರಾಯೋಜಕರ ಪಟ್ಟಿ ಅಲ್ಲಿನ ಸರ್ಕಾರದ ತಾಣದಲ್ಲಿಯೂ ಉಚಿತವಾಗಿ ದೊರೆಯುತ್ತವೆ.