ಗುಣ ಹೊಂದಿದವರು ಮತ್ತೆ ಆಸ್ಪತ್ರೆಗೆ

ಅರ್ಬುದ ರೋಗದ ಹೆಸರನ್ನು ನಮ್ಮ ಸೀಮೆಯ ಮನೆಗಳಲ್ಲಿ ಇಂದಿಗೂ ಗಟ್ಟಿಯಾಗಿ ಉಚ್ಚರಿಸುವುದು ಕಡಿಮೆ. ‘ಗಡ್ಡೆಯಾಗಿದೆ’ ಎನ್ನುತ್ತಾರೆ, ‘ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ’ ಎನ್ನುತ್ತಾರೆ. ಕ್ಯಾನ್ಸರ್ ಎಂಬ ಮಾತು ಮಾತ್ರ ರೋಗಿಯ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತಾರೆ. ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ, ನಿಜ. ಆದರೆ ರೋಗಿಗೆ ತಿಳಿಯದೆ ಇರುವುದಿಲ್ಲ. ತಿಳಿದ ಮೇಲೆ ಆತನು ಯಾರೊಡನೆ ಮಾತನಾಡಬೇಕು?

ಪೆದ್ದಕಡುಬೂರಿನ ಒಂದು ಬೇಸಾಯದ ಮನೆಯನ್ನು ಊಹಿಸಿಕೊಳ್ಳೋಣ. ಮನೆಯ ತಾಯಿಗೆ ಎದೆಯಲ್ಲಿ ಗಂಟು. ಆದವಾನಿಯ ವೈದ್ಯರು ಕರ್ನೂಲಿಗೋ ಬಳ್ಳಾರಿಗೋ ಬರೆದುಕೊಡುತ್ತಾರೆ. ಇಲ್ಲವೆ ರೈಲು ಹತ್ತಿ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕು. ಶಸ್ತ್ರಚಿಕಿತ್ಸೆಯೇನೋ ಒಂದು ದಿನದ ಮಾತು. ಬಳಿಕ ವಿಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ. ಔಷಧ ಚಿಕಿತ್ಸೆಯೆಂದರೆ ಎರಡು ಮೂರು ವಾರಗಳಿಗೊಮ್ಮೆಯಂತೆ ತಿಂಗಳುಗಟ್ಟಲೆ. ಅಷ್ಟರಲ್ಲಿ ಹತ್ತಿ ಬಿಡಿಸುವ ಕಾಲ ಬಂದಿರುತ್ತದೆ, ಕೈಯ ಹಣ ಕರಗಿರುತ್ತದೆ, ತಲೆಗೂದಲು ಉದುರಿರುತ್ತದೆ, ಬಾಯಿ ಹುಣ್ಣಾಗಿ ಅನ್ನ ಸೇರದಾಗಿರುತ್ತದೆ. ‘ಇನ್ನು ಸಾಕು, ಊರಿಗೆ ಹೋಗಿಬಿಡೋಣ’ ಎಂಬ ಮಾತು ಹುಟ್ಟುವುದು ಆಗಲೇ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಅನುಕೂಲವಾಗುವುದು ರೋಗಕ್ಕೆ. ವೈದ್ಯರು ಇದನ್ನು ಹೇಳದೆ ಇರುವುದಿಲ್ಲ. ಆದರೆ ಪಕ್ಕದಲ್ಲಿ ಕುಳಿತ ಹೆಂಗಸೊಬ್ಬಳು ತನ್ನ ಜಡೆಯನ್ನು ಮುಂದಕ್ಕೆಳೆದು, ‘ನನಗೂ ಹೀಗೇ ಉದುರಿತ್ತು, ಮತ್ತೆ ಬಂತು ನೋಡಕ್ಕಾ’ ಎಂದರೆ ಆ ಮಾತಿನ ತೂಕವೇ ಬೇರೆ.

ಹಾಗೆ ಪಕ್ಕದಲ್ಲಿ ಕುಳಿತುಕೊಳ್ಳುವುದನ್ನೇ ಬದುಕಿನ ಕೆಲಸವಾಗಿ ಮಾಡಿಕೊಂಡವರಿದ್ದಾರೆ. 1952ರಲ್ಲಿ ನ್ಯೂಯಾರ್ಕ್ ನಗರದ ಟೆರೀಸ್ ಲ್ಯಾಸರ್ ಎಂಬ ಮಹಿಳೆಗೆ ಸ್ತನವನ್ನು ತೆಗೆಯುವ ಶಸ್ತ್ರಚಿಕಿತ್ಸೆಯಾಯಿತು. ತೋಳನ್ನು ಮತ್ತೆ ಎತ್ತುವುದು ಹೇಗೆ, ರವಿಕೆ ತೊಡುವುದು ಹೇಗೆ ಎಂಬ ಪ್ರಶ್ನೆಗಳಿಗೆ ಅಂದಿನ ಆಸ್ಪತ್ರೆಗಳಲ್ಲಿ ಉತ್ತರವಿರಲಿಲ್ಲ. ಆಕೆ ತಾನೇ ಕಲಿತು, ಒಂದು ರಬ್ಬರ್ ಚೆಂಡು, ಒಂದು ಹಗ್ಗ, ಬಟ್ಟೆಯೊಳಗೆ ಇಟ್ಟುಕೊಳ್ಳುವ ಒಂದು ಮೆತ್ತೆ ಹಿಡಿದು ಇತರ ರೋಗಿಗಳ ಹಾಸಿಗೆಯ ಬಳಿಗೆ ಹೋದಳು. ಕೆಲವು ವೈದ್ಯರಿಗೆ ಇದು ಹಿಡಿಸಲಿಲ್ಲ. 1969ರಲ್ಲಿ ಅಮೆರಿಕದ ಕ್ಯಾನ್ಸರ್ ಸಂಘವೇ ಆ ಕಾರ್ಯವನ್ನು ತನ್ನದಾಗಿ ಸ್ವೀಕರಿಸಿತು.

ನಮ್ಮ ದೇಶದ ಮಟ್ಟಿಗೆ ಮೊದಲು ನೆನೆಯಬೇಕಾದವರು ದೆಹಲಿಯ ಶ್ರೀಮತಿ ಹರ್ಮಾಲಾ ಗುಪ್ತ ಅವರು. ಅವರ ವಿಷಯ ರಾಜ್ಯಶಾಸ್ತ್ರ, ಅಧ್ಯಾಪನ ಅವರ ವೃತ್ತಿ. ಕೆನಡಾದಲ್ಲಿ ಸಂಶೋಧನೆ ನಡೆಸುತ್ತಿದ್ದಾಗ, 1986ರಲ್ಲಿ, ಅವರಿಗೆ ಹಾಡ್ಜ್‌ಕಿನ್ ಎಂಬ, ದುಗ್ಧಗ್ರಂಥಿಗಳ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆ ಫಲಿಸಿತು. ಸ್ವದೇಶಕ್ಕೆ ಮರಳಿದಾಗ ಅವರು ಕಂಡದ್ದು ಈ ರೋಗದ ಸುತ್ತಲಿನ ಮೌನ. ಬಿಟ್ಟ ಪುಸ್ತಕವನ್ನು ಮತ್ತೆ ಹಿಡಿಯಬಹುದಾಗಿದ್ದ ಅವರು 1991ರಲ್ಲಿ ‘ಕ್ಯಾನ್ಸರ್ ಸಹಯೋಗ’ವೆಂಬ ಕೂಟವನ್ನು ಆರಂಭಿಸಿದರು, ಗುಣ ಹೊಂದಿದವರು ರೋಗಿಗಳೊಡನೆ ಕುಳಿತು ಮಾತನಾಡುವುದು ಅದರ ಕೆಲಸ. ಆದರೆ ಅಷ್ಟಕ್ಕೇ ಅವರಿಗೆ ಸಮಾಧಾನವಾಗಲಿಲ್ಲ. ‘ಇನ್ನು ನಮ್ಮ ಕೈಯಲ್ಲಿಲ್ಲ’ ಎಂದು ಮನೆಗೆ ಕಳುಹಿಸಲ್ಪಟ್ಟವರ ನೋವನ್ನು ಕೇಳುವವರು ಯಾರು? 1996ರಲ್ಲಿ ‘ಕ್ಯಾನ್‌ಸಪೋರ್ಟ್’ ಸಂಸ್ಥೆ ಹುಟ್ಟಿದ್ದು ಈ ಪ್ರಶ್ನೆಯಿಂದ. ವೈದ್ಯರು, ದಾದಿ, ಆಪ್ತಸಲಹೆಗಾರರು ಒಂದು ತಂಡವಾಗಿ ರೋಗಿಯ ಮನೆಗೇ ಹೋಗಿ, ನೋವಿಗೆ ಔಷಧವನ್ನೂ ಮನೆಯವರಿಗೆ ಧೈರ್ಯವನ್ನೂ ಉಚಿತವಾಗಿ ಕೊಡುತ್ತಾರೆ. ಮುಂಬಯಿಯಲ್ಲಿ ಶ್ರೀಮತಿ ವಂದನಾ ಗುಪ್ತ ಅವರೂ ಕ್ಯಾನ್ಸರಿನಿಂದ ಪಾರಾದವರೇ; ಅವರು 1994ರಲ್ಲಿ ‘ವಿ ಕೇರ್’ ಸಂಸ್ಥೆಯನ್ನು ಸ್ಥಾಪಿಸಿದರು.

ರೋಗವನ್ನು ಗೆದ್ದವರೆಲ್ಲರೂ ಈ ಹಾದಿ ಹಿಡಿಯಬೇಕೆಂದು ನಾವು ಹೇಳುವುದಿಲ್ಲ. ಆಸ್ಪತ್ರೆಯ ವಾಸನೆಯೇ ಬೇಡವೆನ್ನುವವರ ಮಾತೂ ನ್ಯಾಯವಾದದ್ದೇ. ಬರುವವರಿಗಾದರೂ ಸ್ವಾನುಭವವೊಂದೇ ಸಾಲದು. ಒಬ್ಬರ ಕ್ಯಾನ್ಸರ್ ಇನ್ನೊಬ್ಬರದರಂತಲ್ಲ. ‘ನನಗೆ ಗುಣವಾಯಿತು, ನಿನಗೂ ಆಗುತ್ತದೆ’ ಎಂಬ ಭರವಸೆ ಸುಳ್ಳಾಗಬಹುದು. ಔಷಧದ ವಿಷಯದಲ್ಲಿ ಬಾಯಿ ಹಾಕಬಾರದು. ತನ್ನ ಕಥೆಯನ್ನು ಹೇಳುವುದಕ್ಕಿಂತ ಎದುರಿನವರ ಕಥೆಯನ್ನು ಕೇಳುವುದು ಕಷ್ಟ, ಅದನ್ನು ಕಲಿಯಬೇಕು. ತನ್ನ ಚಿಕಿತ್ಸೆ ಮುಗಿದು, ಮನಸ್ಸು ನೆಲೆಗೊಂಡ ಮೇಲೆಯೇ ಇಳಿಯುವುದು ಲೇಸು. ಹೊಸದಾಗಿ ಸೇರಿದವರ ಎದುರಿಗೇ ರೋಗಿಯೊಬ್ಬರು ತೀರಿಕೊಂಡಾಗ ಹಳೆಯ ಭಯವೆಲ್ಲ ಎದ್ದು ಬರುವುದುಂಟು.

ಇನ್ನು ಹಣದ ಮಾತು. ಇಂಥ ಕೆಲಸವನ್ನು ‘ಸೇವೆ’ಯೆಂದು ಕೊಂಡಾಡಿ ಕೈತೊಳೆದುಕೊಳ್ಳುವುದು ಸುಲಭ. ಪೇಟೆಯ ಅನುಕೂಲಸ್ಥರು ಸಂಬಳವಿಲ್ಲದೆ ದುಡಿಯಬಲ್ಲರು. ದಿನಗೂಲಿಯಿಂದ ಮನೆ ನಡೆಸುವ ತಾಯಿಗೆ ಅದು ಸಾಧ್ಯವೆ? ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಈಚಿನ ವರ್ಷಗಳಲ್ಲಿ ರೋಗಿಗಳಿಗೆ ದಾರಿ ತೋರಿಸುವವರನ್ನು ಸಿದ್ಧಪಡಿಸಲು ಪದವೀಧರರಿಗಾಗಿ ಒಂದು ವರ್ಷದ ಶಿಕ್ಷಣವನ್ನೇ ಏರ್ಪಡಿಸಿದೆ. ಅದಕ್ಕೆ ಇಟ್ಟ ಹೆಸರು ‘ಕೇವಟ್’, ಶ್ರೀರಾಮನನ್ನು ಗಂಗೆ ದಾಟಿಸಿದ ಅಂಬಿಗನ ಹೆಸರು. ದಾಟಿಸುವುದೂ ಕೂಲಿಗೆ ಅರ್ಹವಾದ ಒಂದು ಕಸುಬೆಂದು ಒಪ್ಪಿಕೊಂಡದ್ದು ನಮಗೆ ಮೆಚ್ಚುಗೆಯಾಯಿತು. ಪದವಿಯಿಲ್ಲದ, ಆದರೆ ಆ ಹೊಳೆಯನ್ನು ತಾವೇ ದಾಟಿಬಂದವರಿಗೂ ಅಂಥ ಒಂದು ಬಾಗಿಲು ತೆರೆಯಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ಸೀಮೆಯವರಿಗೆ ಇದರಲ್ಲಿ ಒಂದು ವಿಶೇಷ ಅರ್ಹತೆಯಿದೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಬಳ್ಳಾರಿ ಮೈಸೂರಿಗೂ ಸೇರಿದಂದಿನಿಂದ ನಾವು ಎರಡು ನುಡಿಗಳಲ್ಲಿ ಬಾಳುತ್ತ ಬಂದವರು. ಕರ್ನೂಲಿನಲ್ಲಿ ತೆಲುಗು, ಬಳ್ಳಾರಿ ಬೆಂಗಳೂರುಗಳಲ್ಲಿ ಕನ್ನಡ, ಚೀಟಿಯ ಮೇಲೆ ಇಂಗ್ಲಿಷ್. ಮನೆಯಲ್ಲಿ ಕನ್ನಡವಾಡುವ ಮುದುಕಿಗೆ ತೆಲುಗಿನಲ್ಲಿ ಹೇಳಿದ ಪಥ್ಯವೂ, ತೆಲುಗು ಸೊಸೆಗೆ ಕನ್ನಡದಲ್ಲಿ ಹೇಳಿದ ತಾರೀಖೂ ಅರ್ಧ ಮಾತ್ರ ತಲುಪುತ್ತವೆ. ಎರಡನ್ನೂ ಬಲ್ಲ, ಅದೇ ಹಾಸಿಗೆಯಲ್ಲಿ ಮಲಗಿ ಎದ್ದ ಒಬ್ಬರು ಹೊರರೋಗಿ ವಿಭಾಗದ ಬೆಂಚಿನ ಮೇಲಿದ್ದರೆ ಎಷ್ಟೋ ಮಂದಿ ಅರ್ಧದಲ್ಲಿ ಊರಿಗೆ ಮರಳುವುದು ತಪ್ಪೀತು. ಆಸಕ್ತಿಯುಳ್ಳ ಓದುಗರು ಮುಂದಿನ ತಪಾಸಣೆಗೆ ಹೋದಾಗ, ತಾವು ಚಿಕಿತ್ಸೆ ಪಡೆದ ಆಸ್ಪತ್ರೆಯ ಸಮಾಜಕಾರ್ಯಕರ್ತರನ್ನು ಕಂಡು ವಿಚಾರಿಸಬಹುದು. ಹೋಗುವಾಗ ತಮ್ಮ ವೈದ್ಯರ ಒಪ್ಪಿಗೆಯನ್ನೂ ಬರೆಸಿಕೊಂಡಿರುವುದು ಒಳ್ಳೆಯದು.