ಗಣಕಯಂತ್ರದ ಮೀಸಲು ಕೋಣೆ

ಮನೆಗೆ ಕಂಪ್ಯೂಟರ್ ಕೊಂಡು ತಂದವರು ಕೆಲವೊಮ್ಮೆ ಒಂದು ಆಕ್ಷೇಪಣೆಯನ್ನು ಎತ್ತುವುದುಂಟು: “8 ಜಿಬಿ ಸ್ಮೃತಿಗೆ ಹಣ ಕೊಟ್ಟೆವು, ತೆರೆಯ ಮೇಲೆ ನೋಡಿದರೆ ಬಳಕೆಗೆ ಸಿಕ್ಕುವುದು ಅದಕ್ಕಿಂತ ಕಡಿಮೆ. ಉಳಿದದ್ದು ಎಲ್ಲಿಗೆ ಹೋಯಿತು?” ಅದು ಎಲ್ಲಿಗೂ ಹೋಗಿಲ್ಲ. ಯಂತ್ರವು ತನ್ನ ಸ್ವಂತ ಕೆಲಸಕ್ಕೆಂದು ಅಷ್ಟನ್ನು ತೆಗೆದಿರಿಸಿಕೊಂಡಿದೆ. ಬ್ಯಾಂಕುಗಳ ಲೆಕ್ಕವನ್ನೂ ವಿಮಾನಗಳ ಟಿಕೆಟ್ಟನ್ನೂ ನೋಡಿಕೊಳ್ಳುವ ಮೇನ್‌ಫ್ರೇಮ್ ಎಂಬ ಹಿರಿಯ ಗಣಕಯಂತ್ರಗಳಲ್ಲಿ ಇದೇ ಪ್ರಶ್ನೆ ಬಹುಕಾಲ ದೊಡ್ಡ ತೊಡಕಾಗಿ ಉಳಿದಿತ್ತು.

ಹೀಗೆ ತೆಗೆದಿಟ್ಟದ್ದಕ್ಕೆ ‘ಮೀಸಲು’ ಎಂಬ ನಮ್ಮ ಮಾತೇ ಒಪ್ಪುತ್ತದೆ. ಇಂದು ಈ ಮಾತು ರೈಲಿನ ಆಸನಕ್ಕೂ ಚುನಾವಣೆಯ ಕ್ಷೇತ್ರಕ್ಕೂ ಸಲ್ಲುತ್ತಿದೆಯಾದರೂ, ದೇವರಿಗೆಂದು ಯಾರೂ ಮುಟ್ಟದಂತೆ ಎತ್ತಿಟ್ಟ ಪದಾರ್ಥವೆಂಬ ಅರ್ಥವೂ ಅದಕ್ಕುಂಟು. ಮೀಸಲು ಹಾಲನ್ನು ಮನೆಯ ಯಜಮಾನನೂ ಮುಟ್ಟುವಂತಿಲ್ಲ. ಯಂತ್ರದ ವಿಷಯದಲ್ಲಿಯೂ ಹಾಗೆಯೇ.

ಐಬಿಎಂ ಕಂಪೆನಿ 1964ರ ಏಪ್ರಿಲ್ 7ರಂದು ಸಿಸ್ಟಮ್/360 ಎಂಬ ಯಂತ್ರಗಳ ಸಾಲನ್ನು ಪ್ರಕಟಿಸಿತು. ಅವುಗಳಲ್ಲಿ ಸ್ಮೃತಿಯೆಂದರೆ ತಂತಿಗಳಲ್ಲಿ ಪೋಣಿಸಿದ ಅತಿ ಸಣ್ಣ ಕಾಂತದ ಬಳೆಗಳು. ಮಾದರಿ 30ರ ಅತಿ ಚಿಕ್ಕ ಯಂತ್ರಕ್ಕೆ ಇದ್ದದ್ದು 8,192 ಬೈಟು ಮಾತ್ರ. ಆ ಬಡತನದಲ್ಲಿಯೂ ಮೊದಲ 128 ಬೈಟುಗಳನ್ನು ಯಂತ್ರದ ಉಪಯೋಗಕ್ಕೆ ನಿಗದಿ ಮಾಡಿದ್ದರು. ಏಕೆ? ಯಂತ್ರವು ಒಂದು ಲೆಕ್ಕದಲ್ಲಿ ಮಗ್ನವಾಗಿರುವಾಗ, ಟೇಪು ಓದಿ ಮುಗಿಯಿತೆಂದು ಹೊರಗಿನಿಂದ ಸುದ್ದಿ ಬರುತ್ತದೆ ಎಂದಿಟ್ಟುಕೊಳ್ಳಿ. ಪುಸ್ತಕ ಓದುತ್ತಿರುವವರು ಬಾಗಿಲು ಬಡಿದ ಸದ್ದು ಕೇಳಿ, ಪುಟಕ್ಕೊಂದು ಚೀಟಿಯಿಟ್ಟು ಏಳುವುದಿಲ್ಲವೇ? ಅದರಂತೆ ಯಂತ್ರವು ತಾನಿದ್ದ ಸ್ಥಿತಿಯನ್ನು 56ನೆಯ ವಿಳಾಸದಲ್ಲಿ ಬರೆದಿಟ್ಟು, ಮುಂದೇನು ಮಾಡಬೇಕೆಂಬುದನ್ನು 120ನೆಯ ವಿಳಾಸದಿಂದ ಓದಿಕೊಳ್ಳುತ್ತದೆ. ತಪ್ಪು ಆಜ್ಞೆ ಎದುರಾದರೆ ಆ ಸ್ಥಳಗಳು 40 ಮತ್ತು 104. ಇವನ್ನು ಹುಡುಕುತ್ತ ಕೂರಲು ವೇಳೆಯಿಲ್ಲ. ಆದುದರಿಂದಲೇ ಅವು ಯಂತ್ರದ ರಚನೆಯಲ್ಲಿಯೇ ಸ್ಥಿರವಾಗಿವೆ.

ಆದರೆ ಈ ಮೀಸಲಿಗೆ ಗೋಡೆಯಿರಲಿಲ್ಲ. ಅಧಿಕಾರವುಳ್ಳ ಕ್ರಮವಿಧಿಯೊಂದು ಕೈತಪ್ಪಿ 120ನೆಯ ವಿಳಾಸದ ಮೇಲೆ ಬೇರೇನನ್ನಾದರೂ ಬರೆದರೆ, ಮುಂದಿನ ಸುದ್ದಿ ಬಂದಾಗ ಯಂತ್ರಕ್ಕೆ ದಾರಿ ತಿಳಿಯದು. ಒಬ್ಬನ ಅಜಾಗ್ರತೆಯಿಂದ ಎಲ್ಲರ ಕೆಲಸವೂ ಕೆಡುತ್ತಿತ್ತು. ಸಿಸ್ಟಮ್/370ರ ಕಾಲದಲ್ಲಿ ಮೊದಲ 512 ಬೈಟುಗಳಿಗೆ ವಿಶೇಷ ರಕ್ಷಣೆಯ ಏರ್ಪಾಟು ಬಂದದ್ದು ಸುಮ್ಮನೆ ಅಲ್ಲ.

ಯಂತ್ರಗಳು ಬೆಳೆದಂತೆ ಇನ್ನೂ ಗೂಢವಾದ ಒಂದು ಮೀಸಲು ಹುಟ್ಟಿತು. ಅದರ ಹೆಸರು ಹಾರ್ಡ್‌ವೇರ್ ಸಿಸ್ಟಮ್ ಏರಿಯಾ. ಯಂತ್ರಾಂಗದ ಸ್ವಂತ ಕ್ಷೇತ್ರವೆನ್ನಬಹುದು. ಇದನ್ನು ಮುಟ್ಟಬಾರದೆಂಬ ನಿಷೇಧವಷ್ಟೇ ಅಲ್ಲ, ಮುಟ್ಟುವುದಕ್ಕೆ ವಿಳಾಸವೇ ಇಲ್ಲ. ಇಡೀ ಯಂತ್ರವನ್ನು ಆಳುವ ಆಪರೇಟಿಂಗ್ ಸಿಸ್ಟಮ್ ಸಹ ಅದನ್ನು ಕಾಣಲಾರದು. ಯಂತ್ರದ ಒಳ ಆಜ್ಞೆಗಳು, ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ಹಂಚಿಕೊಡುವ ವಿಭಾಗಗಳ ವಿವರ, ಯಾವ ಡಿಸ್ಕು ಯಾವ ಹಾದಿಯಲ್ಲಿದೆಯೆಂಬ ಪಟ್ಟಿ, ಇವೆಲ್ಲ ಅಲ್ಲಿರುತ್ತವೆ. ಯಂತ್ರಕ್ಕೆ ವಿದ್ಯುತ್ತು ಕೊಟ್ಟು ಸಜ್ಜುಗೊಳಿಸುವಾಗ ಈ ಪಟ್ಟಿ ಅದರೊಳಗೆ ಹೋಗಿ ಕೂರುತ್ತದೆ. ಬಳಿಕ ಯಾವ ಕ್ರಮವಿಧಿಯೇ ಡಿಸ್ಕಿನಿಂದ ಏನನ್ನಾದರೂ ಬೇಡಲಿ, ಯಂತ್ರ ಈ ಪಟ್ಟಿಯನ್ನು ನೋಡಿಯೇ ಹೆಜ್ಜೆಯಿಡಬೇಕು.

ಗ್ರಾಹಕರ ಕಷ್ಟ ಇದ್ದದ್ದು ಇಲ್ಲಿ. ಈ ಕ್ಷೇತ್ರವನ್ನು ಅವರು ಹಣ ತೆತ್ತು ಕೊಂಡ ಸ್ಮೃತಿಯಿಂದಲೇ ಕತ್ತರಿಸಲಾಗುತ್ತಿತ್ತು. ಸಲಕರಣೆಗಳು ಹೆಚ್ಚಿದಷ್ಟೂ ಪಟ್ಟಿ ಉದ್ದ, ಪಟ್ಟಿ ಉದ್ದವಾದಷ್ಟೂ ಮೀಸಲು ದೊಡ್ಡದು. ಮುಂದೆ ಎಷ್ಟು ಡಿಸ್ಕು ಸೇರೀತೆಂದು ಮೊದಲೇ ಅಂದಾಜು ಮಾಡಿ ಸ್ಥಳ ಬಿಡಬೇಕು. ಹೆಚ್ಚು ಬಿಟ್ಟರೆ ಸ್ಮೃತಿ ವ್ಯರ್ಥ. ಕಡಿಮೆ ಬಿಟ್ಟಿದ್ದರೆ, ಹೊಸ ಸಲಕರಣೆ ಬಂದ ದಿನ ಇಡೀ ಯಂತ್ರವನ್ನು ನಿಲ್ಲಿಸಿ ಮತ್ತೆ ಸಜ್ಜುಗೊಳಿಸಬೇಕು. ಅದರ ಮೇಲೆ ನಡೆಯುತ್ತಿರುವ ವಿಭಾಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಬ್ಯಾಂಕಿನ ಯಂತ್ರ ಹಾಗೆ ನಿಂತರೆ ಕೌಂಟರಿನ ಮುಂದೆ ನಿಂತವನಿಗೆ ತನ್ನ ಹಣವೇ ಕೈಗೆ ಸಿಕ್ಕದು. ಮದುವೆ ಮನೆಯಲ್ಲಿ ಎಲೆ ಹಾಕುವ ಮೊದಲು ಜನ ಎಣಿಸುವ ಕಷ್ಟವನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಈ ಸಂಕಟ ಹೊಸದಲ್ಲ!

2008ರಲ್ಲಿ ಬಂದ ಜೆಡ್10 ಯಂತ್ರದಲ್ಲಿ ಐಬಿಎಂ ಈ ಕ್ರಮವನ್ನು ಬದಲಿಸಿತು. ದೊಡ್ಡ ಮಾದರಿಯಲ್ಲಿ 16 ಜಿಬಿ ಸ್ಮೃತಿಯನ್ನು ಈ ಕ್ಷೇತ್ರಕ್ಕೆಂದು ಬೇರೆಯಾಗಿಯೇ ಒದಗಿಸಿ, ಗ್ರಾಹಕರು ಕೊಂಡದ್ದನ್ನು ಪೂರ್ತಿ ಅವರಿಗೇ ಬಿಟ್ಟುಕೊಟ್ಟಿತು. ಇದನ್ನು ದಾನವೆಂದು ಯಾರೂ ಭಾವಿಸಬೇಕಾಗಿಲ್ಲ. ವ್ಯಾಪಾರಿಯ ಲೆಕ್ಕ ಎಲ್ಲಿಯಾದರೂ ಸೇರಿಯೇ ಇರುತ್ತದೆ. ಹೆಚ್ಚಿನ ಲಾಭವೆಂದರೆ ಅಂದಾಜಿನ ತಲೆನೋವು ತಪ್ಪಿದ್ದು. ಯಂತ್ರಕ್ಕೆ ಸಾಧ್ಯವಿರುವ 60 ವಿಭಾಗಗಳಿಗೂ ಸಲಕರಣೆಗಳ ಪಟ್ಟಿಯ ಪೂರ್ಣ ಉದ್ದಕ್ಕೂ ಮೊದಲ ದಿನವೇ ಸ್ಥಳವನ್ನು ಕಾಯ್ದಿಟ್ಟಿರುತ್ತಾರೆ. ಪಟ್ಟಿಯ ಎಷ್ಟೋ ಸಾಲುಗಳು ಖಾಲಿಯೇ ಇರಬಹುದು. ಹೊಸ ಡಿಸ್ಕು ಬಂದಾಗ ಯಂತ್ರ ನಡೆಯುತ್ತಿರುವಂತೆಯೇ ಒಂದು ಖಾಲಿ ಸಾಲನ್ನು ತುಂಬಿದರಾಯಿತು. 2015ರ ಜೆಡ್13ರಲ್ಲಿ ಈ ಮೀಸಲು 96 ಜಿಬಿಗೆ ಏರಿತು. 2022ರ ಜೆಡ್16ರಲ್ಲಿ ಅದು 256 ಜಿಬಿ.